ನಿಂತ ಮೋಟಾರನ್ನು ಎಬ್ಬಿಸುವ ಮೊದಲು

ಹೋದ ತಿಂಗಳು ಈ ಅಂಕಣದಲ್ಲಿ ಹೊಲಿಗೆಯ ಯಂತ್ರಕ್ಕೆ ಎಣ್ಣೆ ಬಿಡುವ ಕ್ರಮವನ್ನು ಬರೆದಿದ್ದೆನಷ್ಟೆ. ಅದನ್ನೋದಿದ ಹಾಸನದ ಕಡೆಯ ಗೃಹಿಣಿಯೊಬ್ಬರು, ಅದಕ್ಕಿಂತ ತುಸು ದೊಡ್ಡದಾದ ಯಂತ್ರವೊಂದರ ವಿಚಾರವಾಗಿ ಪತ್ರ ಬರೆದಿರುವರು. ಅವರ ತವರುಮನೆಯ ಕೊಟ್ಟಿಗೆಯಲ್ಲಿ ತೀರಿಕೊಂಡ ತಂದೆಯವರ ಪ್ರೀಮಿಯರ್ ಪದ್ಮಿನಿ ಕಾರು ಏಳು ವರ್ಷಗಳಿಂದ ನಿಂತಲ್ಲೇ ನಿಂತಿರುವುದಂತೆ. ತಮ್ಮನು ಅದನ್ನು ಗುಜರಿಗೆ ತೂಕದ ಮೇಲೆ ಕೊಟ್ಟುಬಿಡೋಣವೆನ್ನುತ್ತಾನಂತೆ. ಇವರಿಗೆ ಮನಸ್ಸೊಪ್ಪದು. “ಮುಂದಿನ ತಿಂಗಳು ರಜೆಗೆ ಬರುವ ನನ್ನ ಮಗನು ಹೊಸ ಬ್ಯಾಟರಿಯೊಂದನ್ನು ತಂದು ಹಾಕಿ, ನಾಲ್ಕು ಲೀಟರು ಪೆಟ್ರೋಲು ಹೊಯ್ದು, ಕೀಲಿ ತಿರುಗಿಸಿ ನೋಡುತ್ತೇನೆಂದು ಹೇಳುತ್ತಿದ್ದಾನೆ, ಹತ್ತಿಕೊಂಡರೆ ಪೇಟೆಯವರೆಗೆ ಓಡಿಸಿಕೊಂಡು ಬರುವನಂತೆ. ಆಗಬಹುದೆ?” ಎಂದು ಕೇಳಿರುವರು.

ಆಗಕೂಡದು. ಈ ಸಂಚಿಕೆಯು ಅವರ ಕೈಸೇರುವುದು ತಡವಾದೀತೆಂದು ಹೆದರಿ, ಈ ಒಂದೇ ಮಾತನ್ನು ಬೇರೆ ಕಾಗದದಲ್ಲಿ ಬರೆದು ಆಗಲೇ ಅಂಚೆಗೆ ಹಾಕಿರುವೆನು. ಕಾರಣವನ್ನು ಇಲ್ಲಿ ವಿಸ್ತಾರವಾಗಿ ಹೇಳುವೆನು. ಇಂಥ ಹಳೆಯ ಗಾಡಿಗಳು ನಮ್ಮ ವಾಚಕರಲ್ಲಿ ಇನ್ನೂ ಕೆಲವರ ಮನೆಗಳಲ್ಲಿ ಉಂಟೆಂಬುದನ್ನು ನಾನು ಬಲ್ಲೆನು.

ನನ್ನ ಬಳಿಯಲ್ಲಿಯೂ ಒಂದು ಪದ್ಮಿನಿಯಿದೆ. ಅದು ೧೯೮೨ನೆಯ ಇಸವಿಯದು. ಸಹೋದ್ಯೋಗಿಯೊಬ್ಬರಿಂದ ೧೯೯೬ರಲ್ಲಿ ಕೊಂಡುಕೊಂಡೆನು. ಪದ್ಮಿನೀ ಎಂಬ ಶಬ್ದಕ್ಕೆ ತಾವರೆಯ ಬಳ್ಳಿ, ತಾವರೆಗಳ ಸಮೂಹ, ತಾವರೆಗೊಳ ಎಂದೆಲ್ಲ ಅರ್ಥವುಂಟು. ಮಳೆಗಾಲದಲ್ಲಿ ನನ್ನ ಗಾಡಿಯ ನೆಲಹಾಸಿನ ಮೇಲೆ ನಿಲ್ಲುವ ನೀರನ್ನು ಕಂಡವರು ಮೂರನೆಯ ಅರ್ಥವನ್ನೇ ಸಾಧುವೆಂದು ಒಪ್ಪುವರು. ಇಟಲಿಯ ಫಿಯೆಟ್ ಕಂಪೆನಿಯ ೧೧೦೦ ಎಂಬ ಮಾದರಿಯೇ ಇದರ ಮೂಲ. ಅದನ್ನು ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೋಮೊಬೈಲ್ಸಿನವರು ತಯಾರಿಸುತ್ತಿದ್ದರು. ೧೯೭೪ರಿಂದ ಪದ್ಮಿನಿಯೆಂಬ ಹೆಸರು ಬಂದಿತು. ಆ ಕಂಪೆನಿಯ ಹುಟ್ಟಿನ ಹಿಂದೆ ನಮ್ಮ ನಾಡಿನ ನಂಟೂ ಸ್ವಲ್ಪವಿದೆ. ವಿಶ್ವೇಶ್ವರಯ್ಯನವರು ೧೯೩೫ರಲ್ಲಿ ಯೂರೋಪು ಅಮೆರಿಕಗಳನ್ನು ಸುತ್ತಿ ಬಂದು, ಈ ದೇಶದಲ್ಲಿಯೇ ಮೋಟಾರು ಕಾರ್ಖಾನೆಯೊಂದು ಆಗಬೇಕೆಂದು ಯೋಜನೆಯನ್ನು ಸಿದ್ಧಪಡಿಸಿದರು. ಆ ಹಂಬಲದಲ್ಲಿ ಅವರೊಡನೆ ಸೇರಿದ ವಾಲ್‌ಚಂದ್ ಹೀರಾಚಂದರೇ ೧೯೪೪ರಲ್ಲಿ ಪ್ರೀಮಿಯರ್ ಕಂಪೆನಿಯನ್ನು ಸ್ಥಾಪಿಸಿದವರು. ಗಾಡಿಯ ತಯಾರಿಕೆಯು ಈ ಶತಮಾನದ ಆರಂಭದ ಹೊತ್ತಿಗೆ ನಿಂತಿತು. ಮುಂಬಯಿಯ ಬೀದಿಗಳಲ್ಲಿ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಉಳಿದಿದ್ದ ಕಡೆಯ ಪದ್ಮಿನಿಯೂ ವಯೋಮಿತಿ ತೀರಿ ೨೦೨೩ರ ಅಕ್ಟೋಬರಿನಲ್ಲಿ ಕೆಲಸದಿಂದ ನಿವೃತ್ತಿ ಹೊಂದಿತು.

ಮನೆಯಲ್ಲಿಯೇ ರಿಪೇರಿ ಮಾಡಿಕೊಳ್ಳಬಹುದಾದ ಗಾಡಿಗಳಲ್ಲಿ ಇದಕ್ಕೆ ಸಮನಾದದ್ದು ವಿರಳ. ಮುಚ್ಚಳವನ್ನೆತ್ತಿದರೆ ೧೦೮೯ ಸಿ.ಸಿ.ಯ, ನಾಲ್ಕು ಸಿಲಿಂಡರಿನ ಪುಟ್ಟ ಎಂಜಿನು ಬಿಚ್ಚಿಟ್ಟ ಪುಸ್ತಕದಂತೆ ಕಾಣುವುದು. ಸುತ್ತಲೂ ಕೈಯಾಡಿಸುವಷ್ಟು ಜಾಗವಿದೆ. ಎಲ್ಲವನ್ನೂ ತಾನೇ ನಿರ್ಣಯಿಸುವ ಗಣಕಯಂತ್ರವಿಲ್ಲ. ನಾಲ್ಕಾರು ಸ್ಪ್ಯಾನರು, ಒಂದು ಸ್ಕ್ರೂಡ್ರೈವರು, ಒಂದು ಪ್ಲಗ್ ಸ್ಪ್ಯಾನರು, ಒಂದು ಫೀಲರ್ ಗೇಜು, ಇಷ್ಟಿದ್ದರೆ ಅರ್ಧ ಕೆಲಸವಾಯಿತು. ಅಪಾಯವಿರುವುದೂ ಈ ಸುಲಭತೆಯಲ್ಲಿಯೇ. ಎಂಜಿನು ನಮ್ಮ ಕೈಗೆ ಬೇಗ ಒಲಿಯುವುದರಿಂದ, ಗಾಡಿಯೇ ಒಲಿಯಿತೆಂದು ನಾವು ಭ್ರಮಿಸುತ್ತೇವೆ.

ಈ ಭ್ರಮೆಯ ಫಲವನ್ನು ನಾನು ಉಂಡವನು. ೨೦೦೫ರಲ್ಲಿ ನನಗೆ ದೂರದ ಊರಿಗೆ ವರ್ಗವಾಗಿ, ಗಾಡಿಯು ತೀರ್ಥಹಳ್ಳಿಯ ನಮ್ಮ ಮನೆಯ ಮಗ್ಗುಲ ಚಪ್ಪರದಲ್ಲಿ ಮೂರು ಮಳೆಗಾಲಗಳನ್ನು ಕಳೆಯಿತು. ೨೦೦೮ರ ಬೇಸಗೆಯಲ್ಲಿ ಹಿಂದಿರುಗಿ ಬಂದವನು ಎರಡು ದಿನ ಶ್ರಮಪಟ್ಟು ಪ್ಲಗ್ಗು ಪಾಯಿಂಟುಗಳನ್ನು ಉಜ್ಜಿ, ಕಾರ್ಬೋರೇಟರನ್ನು ತೊಳೆದು, ಎಣ್ಣೆಯನ್ನು ಬದಲಾಯಿಸಿ ಕೀಲಿ ತಿರುಗಿಸಿದೆನು. ನಾಲ್ಕನೆಯ ಸಾರಿಗೆ ಎಂಜಿನು ಹತ್ತಿಕೊಂಡಿತು. ಮನೆಯಲ್ಲಿ ಆದ ಸಂತೋಷವನ್ನು ಏನೆಂದು ಹೇಳಲಿ! ನನ್ನ ಗೃಹಿಣಿಯು ದೃಷ್ಟಿ ತೆಗೆದು ನಿಂಬೆಯ ಹಣ್ಣನ್ನು ಗಾಲಿಯ ಕೆಳಗಿಟ್ಟಳು. ಬ್ರೇಕನ್ನು ತುಳಿದು ನೋಡಿದೆನು, ಗಟ್ಟಿಯಾಗಿಯೇ ಇದ್ದಿತು. ಅಷ್ಟೇ ಸಾಕೆಂದುಕೊಂಡು ಆಕೆಯನ್ನೂ ಕುಳ್ಳಿರಿಸಿಕೊಂಡು ಹೊರಟೆನು.

ನಮ್ಮ ಬೀದಿಯು ತುಂಗೆಯ ಕಡೆಗೆ ಇಳಿಜಾರಾಗಿದೆ. ಮೊದಲ ತಿರುವಿನಲ್ಲಿ ಬ್ರೇಕು ಹಿಡಿಯಿತು. ಎರಡನೆಯ ತಿರುವಿನಲ್ಲಿ ತುಳಿದರೆ, ಪೆಡಲು ಹಸಿಯ ಮಣ್ಣಿನೊಳಕ್ಕೆ ಇಳಿದಂತೆ ಮೆತ್ತಗೆ ನೆಲದವರೆಗೂ ಹೋಯಿತು. ಇನ್ನೊಮ್ಮೆ ತುಳಿದೆನು, ಏನೂ ಇಲ್ಲ. ಮುಂದೆ ಇಬ್ಬರು ಹುಡುಗರು ಸೈಕಲ್ಲನ್ನು ತಳ್ಳಿಕೊಂಡು ಹತ್ತಿ ಬರುತ್ತಿದ್ದರು. ಅವರಲ್ಲೊಬ್ಬನು ನನ್ನ ಶಾಲೆಯ ಶಿಷ್ಯನೇ. “ನಮಸ್ಕಾರ ಸಾರ್” ಎಂದು ಕೈ ಎತ್ತಿದನು. ಗೇರನ್ನು ಕೆಳಕ್ಕೆ ಹಾಕಿ, ಕೈಬ್ರೇಕನ್ನು ಎರಡು ಕೈಯಿಂದಲೂ ಎಳೆದು, ಬಲಗಡೆಯ ಹುಲ್ಲಿನ ಬಣವೆಯೊಳಕ್ಕೆ ಗಾಡಿಯನ್ನು ನುಗ್ಗಿಸಿದೆನು. ಯಾರಿಗೂ ಪೆಟ್ಟಾಗಲಿಲ್ಲ. ನನ್ನ ಗೃಹಿಣಿಯು ತಲೆಯ ಮೇಲಿನ ಹುಲ್ಲನ್ನು ಕೊಡವಿಕೊಂಡು ಕೆಳಗಿಳಿದು, ಒಂದು ಮಾತನ್ನೂ ಆಡದೆ ನಡೆದೇ ಮನೆಗೆ ಹೋದಳು. ಆ ಹುಡುಗನ ಎತ್ತಿದ ಕೈಯನ್ನು ನಾನು ಈಗಲೂ ಕೆಲವು ರಾತ್ರಿ ಕಾಣುವೆನು.

ಸಂಜೆ ಗಾಡಿಯನ್ನು ಎಳೆದುಕೊಂಡು ಹೋಗಲು ಬಂದ ಮುದುಕ ಮೇಸ್ತ್ರಿಯು ಹಿಂದಿನ ಗಾಲಿಯೊಂದರ ಒಳಮೈಯನ್ನು ಬೆರಳಿನಿಂದ ಒರೆಸಿ, ಅಂಟಿದ ಒದ್ದೆಯನ್ನು ನನಗೆ ತೋರಿಸಿದನು. “ಮೇಷ್ಟ್ರೇ, ಓಡೋದೇನು, ತಳ್ಳಿದ್ರೆ ಯಾವ ಗಾಡಿಯಾದ್ರೂ ಓಡುತ್ತೆ. ನಿಲ್ಲುತ್ತಾ ಅಂತ ನೋಡಿದ್ರಾ?” ಎಂದನು. ಮೂವತ್ತು ಜನ ಹುಡುಗರ ಮುಂದೆ ತಪ್ಪು ಲೆಕ್ಕ ಬಿಡಿಸಿದಾಗಲೂ ನಾನು ಅಷ್ಟು ನಾಚಿರಲಿಲ್ಲ.

ಆದುದೇನೆಂಬುದನ್ನು ತಿಳಿಯಬೇಕು. ಪದ್ಮಿನಿಯ ಬ್ರೇಕು ಎಣ್ಣೆಯ ಒತ್ತಡದಿಂದ ಕೆಲಸಮಾಡತಕ್ಕದ್ದು. ನಾವು ಪೆಡಲನ್ನು ತುಳಿದಾಗ ಮಾಸ್ಟರ್ ಸಿಲಿಂಡರಿನಿಂದ ಹೊರಟ ಒತ್ತಡವು ಸಣ್ಣ ಲೋಹದ ನಳಿಕೆಗಳ ಮೂಲಕ ನಾಲ್ಕು ಗಾಲಿಗಳಿಗೂ ಹರಿದು, ಅಲ್ಲಿನ ಪುಟ್ಟ ವೀಲ್ ಸಿಲಿಂಡರುಗಳನ್ನು ಅಗಲಿಸಿ, ಬ್ರೇಕ್ ಶೂಗಳನ್ನು ಡ್ರಮ್ಮಿನ ಒಳಮೈಗೆ ಒತ್ತುವುದು. ಈ ಸಿಲಿಂಡರುಗಳೊಳಗೆ ಎಣ್ಣೆಯನ್ನು ತಡೆಹಿಡಿಯುವುದು ಚಿಕ್ಕ ಬಟ್ಟಲಿನಾಕಾರದ ರಬ್ಬರಿನ ತುಂಡುಗಳು ಮಾತ್ರ. ನನ್ನ ಗಾಡಿಯಲ್ಲಿ ನಾಲ್ಕು ಗಾಲಿಗಳಿಗೂ ಸೇರಿ ಒಂದೇ ಜಾಲ. ಎಲ್ಲಿಯಾದರೂ ಒಂದು ಕಡೆ ಸೋರಿದರೆ ನಾಲ್ಕೂ ಕೈಬಿಡುವುವು. ಬ್ರೇಕಿನ ಎಣ್ಣೆಗೆ ಗಾಳಿಯೊಳಗಿನ ತೇವವನ್ನು ಹೀರುವ ಸ್ವಭಾವವುಂಟು. ಗಾಡಿಯು ವರ್ಷಗಟ್ಟಲೆ ನಿಂತರೆ ಆ ನೀರಿನಂಶವು ಸಿಲಿಂಡರಿನ ಒಳಗೋಡೆಯನ್ನು ತುಕ್ಕು ಹಿಡಿಸಿ ಗುಳಿ ಬೀಳಿಸುವುದು. ರಬ್ಬರು ಒಣಗಿ ಗಡುಸಾಗುವುದು. ನಿಂತಿರುವಷ್ಟು ಕಾಲ ಏನೂ ತೋರದು. ಒಂದೆರಡು ಸಾರಿ ಬಲವಾಗಿ ತುಳಿದಾಗ ಆ ಗಡುಸಾದ ಅಂಚು ಗುಳಿಗಳ ಮೇಲೆ ಉಜ್ಜಿ ಹರಿಯುವುದು. ನಿಂತಲ್ಲಿ ತುಳಿದು ನೋಡುವುದು ಪರೀಕ್ಷೆಯೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಆದುದರಿಂದ ನನ್ನ ಕ್ರಮವು ಲೋಕದ ಕ್ರಮಕ್ಕೆ ತಲೆಕೆಳಗು. ಎಂಜಿನಿನ ಗೊಡವೆಗೆ ಹೋಗುವ ಮೊದಲು ನಾಲ್ಕು ಗಾಲಿಗಳನ್ನೂ ಕಳಚಿಸಿ, ಡ್ರಮ್ಮುಗಳನ್ನು ತೆಗೆಯಿಸಿ, ನಾಲ್ಕು ಕಡೆಯ ವೀಲ್ ಸಿಲಿಂಡರುಗಳನ್ನೂ ಮಾಸ್ಟರ್ ಸಿಲಿಂಡರನ್ನೂ ಬಿಚ್ಚಿಸಿ ನೋಡತಕ್ಕದ್ದು. ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಾಯಿಸಬೇಕು. ಬೀಳದಿದ್ದರೂ ರಬ್ಬರಿನ ಕಿಟ್ಟುಗಳನ್ನು ಎಲ್ಲ ಕಡೆಯೂ ಒಟ್ಟಿಗೆ ಹೊಸದಾಗಿ ಹಾಕಬೇಕು. ಒಂದು ಕಡೆಗೆ ಹಾಕಿ ಮೂರು ಕಡೆ ಉಳಿಸುವುದು ಉಳಿತಾಯವಲ್ಲ. ಗಾಲಿಗೆ ಹೋಗುವ ರಬ್ಬರಿನ ಕೊಳವೆಗಳನ್ನೂ ಹೀಗೆಯೇ ಬದಲಾಯಿಸತಕ್ಕದ್ದು. ಈ ಕೆಲಸವನ್ನು ಮಾತ್ರ ಅನುಭವಸ್ಥನಾದ ಮೇಸ್ತ್ರಿಯಿಂದಲೇ, ಆತನನ್ನು ಮನೆಗೆ ಕರೆಯಿಸಿ ಮಾಡಿಸಿರಿ. ನೀವು ಪಕ್ಕದಲ್ಲಿ ಕುಳಿತು ನೋಡಿರಿ. ಕಡೆಯಲ್ಲಿ ನಳಿಕೆಗಳೊಳಗಿನ ಗಾಳಿಯನ್ನು ತೆಗೆಯುವಾಗ ಪೆಡಲು ತುಳಿಯಲು ಒಬ್ಬರು ಬೇಕೇಬೇಕು. ನಮ್ಮ ಮನೆಯಲ್ಲಿ ಆ ಕೆಲಸವು ಈಗ ನನ್ನ ಗೃಹಿಣಿಯದು. ತಾನೇ ತುಳಿದು ಗಟ್ಟಿಯೆಂದು ಒಪ್ಪಿದ ಮೇಲಲ್ಲದೆ ಆಕೆ ಗಾಡಿಯನ್ನು ಹತ್ತುವುದಿಲ್ಲ.

ಇಲ್ಲಿ ಎರಡು ಎಚ್ಚರಿಕೆಗಳು. ಬ್ರೇಕಿನ ಪಾತ್ರೆಗೆ ಬ್ರೇಕಿನ ಎಣ್ಣೆಯನ್ನಲ್ಲದೆ ಎಂಜಿನಿನ ಎಣ್ಣೆಯನ್ನು ಒಂದು ತೊಟ್ಟೂ ಹಾಕಕೂಡದು. ರಬ್ಬರು ಉಬ್ಬಿ ಕೆಟ್ಟುಹೋಗುವುದು. ಹಳೆಯ ಬ್ರೇಕಿನ ಪಟ್ಟಿಗಳಲ್ಲಿ ಕಲ್ನಾರು ಬೆರೆತಿರುವುದುಂಟು. ಡ್ರಮ್ಮಿನೊಳಗಿನ ಪುಡಿಯನ್ನು ಬಾಯಿಯಿಂದ ಊದುವುದು ಮೇಸ್ತ್ರಿಗಳ ಅಭ್ಯಾಸ. ಅದು ಶ್ವಾಸಕೋಶಕ್ಕೆ ಬಹಳ ಕೇಡು. ಒದ್ದೆಯ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಬಿಸಾಡಬೇಕು.

ಗಾಡಿಯನ್ನೆತ್ತುವಾಗ ನೆಲವು ಸಮನಾಗಿಯೂ ಗಟ್ಟಿಯಾಗಿಯೂ ಇರಬೇಕು. ಎತ್ತದಿರುವ ಗಾಲಿಗಳ ಹಿಂದೆಯೂ ಮುಂದೆಯೂ ಮರದ ದಿಮ್ಮಿಯ ಅಡೆಯನ್ನು ಕೊಡಬೇಕು. ಜಾಕಿಯು ಎತ್ತುವುದಕ್ಕೆ ಮಾತ್ರ, ಹೊತ್ತು ನಿಲ್ಲುವುದಕ್ಕಲ್ಲ. ಎತ್ತಿದ ಕೂಡಲೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಟ್ಟು ಗಾಡಿಯನ್ನು ಅವುಗಳ ಮೇಲೆ ಇಳಿಸಬೇಕು. ಇಟ್ಟಿಗೆಯನ್ನೂ ಸಿಮೆಂಟಿನ ಪೊಳ್ಳು ಬ್ಲಾಕನ್ನೂ ನಂಬಿ ಗಾಡಿಯ ಕೆಳಗೆ ತಲೆಯಿಡುವವನಿಗೆ ನಾನು ಹೇಳತಕ್ಕದ್ದೇನೂ ಉಳಿದಿಲ್ಲ.

ಇನ್ನು ಪೆಟ್ರೋಲು. ಏಳು ವರ್ಷ ತೊಟ್ಟಿಯಲ್ಲಿ ಕುಳಿತ ಪೆಟ್ರೋಲು ಪೆಟ್ರೋಲಾಗಿ ಉಳಿದಿರದು. ವಾರ್ನಿಷಿನಂತೆ ನಾರುವ ಕಂದು ದ್ರವವಾಗಿರುವುದು. ಅದರ ಮೇಲೆ ಹೊಸ ಪೆಟ್ರೋಲನ್ನು ಹೊಯ್ದರೆ ತಳದ ಅಂಟೂ ತುಕ್ಕೂ ಕದಡಿ ಪಂಪಿಗೂ ಕಾರ್ಬೋರೇಟರಿಗೂ ಏರುವುದು. ಆದುದರಿಂದ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ ತೊಳೆಯಿಸಬೇಕು. ಈ ಕೆಲಸವು ಹೊರಗೆ, ಬಯಲಿನಲ್ಲಿ, ಹಗಲಿನಲ್ಲಿಯೇ ಆಗಬೇಕು. ಹತ್ತಿರದಲ್ಲಿ ಬೀಡಿಯಿರಲಿ, ಪೂಜೆಯ ಊದುಬತ್ತಿಯೂ ಕೂಡದು. ಕೊಳವೆಯಿಟ್ಟು ಬಾಯಿಯಿಂದ ಎಳೆಯುವ ದುರಭ್ಯಾಸವಂತೂ ಬೇಡವೇ ಬೇಡ. ಇದಲ್ಲದೆ ಈಗ ಹೊಸದೊಂದು ವಿಷಯ ಸೇರಿಕೊಂಡಿದೆ. ೨೦೨೫ರಿಂದೀಚೆಗೆ ಬಂಕುಗಳಲ್ಲಿ ಸಾಮಾನ್ಯವಾಗಿ ದೊರೆಯುವ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲಿನವರೆಗೆ ಎಥನಾಲು ಬೆರೆತಿರುತ್ತದೆ. ನಮ್ಮ ಮುದಿ ಗಾಡಿಗಳ ರಬ್ಬರು ಅದಕ್ಕಾಗಿ ಹುಟ್ಟಿದ್ದಲ್ಲ. ಪೆಟ್ರೋಲಿನ ಕೊಳವೆಗಳೂ ಪಂಪಿನೊಳಗಿನ ಡಯಾಫ್ರಮೂ ಮೆತ್ತಗಾಗಿ, ಬಿರುಕು ಬಿಟ್ಟು, ಬಿಸಿಯಾದ ಎಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕುವಂತಾದರೆ ಮುಂದಿನದು ಬೆಂಕಿಯೇ. ಎಥನಾಲನ್ನು ತಾಳುವ ಕೊಳವೆಗಳು ಅಂಗಡಿಗಳಲ್ಲಿ ದೊರೆಯುವುವು. ಕೇಳಿ ಅವನ್ನೇ ಹಾಕಿಸಿರಿ. ನಾನು ಪ್ರತಿ ತಿಂಗಳೂ ಆ ಕೊಳವೆಗಳನ್ನು ಬೆರಳಿನಿಂದ ಅಮುಕಿ ನೋಡುವೆನು. ಬೆರಳಿಗೆ ಅಂಟು ಹತ್ತಿದರೆ ಆ ದಿನವೇ ಬದಲಾವಣೆ. ಎಥನಾಲು ಕೂಡ ನೀರನ್ನು ಹೀರುವುದಾದ್ದರಿಂದ ಇನ್ನು ಮುಂದೆ ತೊಟ್ಟಿಯಲ್ಲಿ ಪೆಟ್ರೋಲಿಟ್ಟು ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸಬೇಡಿರಿ.

ಇವೆಲ್ಲ ಆದ ಬಳಿಕ ಎಂಜಿನಿನ ಸರದಿ. ವೈದ್ಯರು ಚಿಕಿತ್ಸೆಗೆ ಮೊದಲು ನಿದಾನವೆನ್ನುವರಲ್ಲವೆ? ಇಲ್ಲಿ ನಿದಾನದ ಮೊದಲ ಪ್ರಶ್ನೆಯೆಂದರೆ, ಎಂಜಿನು ತಿರುಗುವ ಸ್ಥಿತಿಯಲ್ಲಿದೆಯೋ, ಒಳಗೆ ಕಚ್ಚಿಕೊಂಡಿದೆಯೋ ಎಂಬುದು. ಸ್ಟಾರ್ಟರಿನಿಂದ ಇದನ್ನು ಪರೀಕ್ಷಿಸುವುದು ಅವಿವೇಕ. ನಾಲ್ಕು ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ರಂಧ್ರಕ್ಕೂ ಒಂದು ಚಮಚದಷ್ಟು ಎಂಜಿನಿನ ಎಣ್ಣೆಯನ್ನು ಬಿಟ್ಟು, ಒಂದು ರಾತ್ರಿಯಾದರೂ ಹಾಗೆಯೇ ನೆನೆಯಲು ಬಿಡಬೇಕು. ಮರುದಿನ ಸಮನಾದ ನೆಲದಲ್ಲಿ, ಪ್ಲಗ್ಗುಗಳನ್ನು ಹಾಕದೆಯೇ, ನಾಲ್ಕನೆಯ ಗೇರಿನಲ್ಲಿಟ್ಟು, ಇಬ್ಬರು ಮೆಲ್ಲನೆ ತಳ್ಳಿದರೆ ಎಂಜಿನೂ ಅದರೊಡನೆ ಉರುಳತಕ್ಕದ್ದು. ಅಲುಗದಿದ್ದರೆ ಬಲಪ್ರಯೋಗ ಬೇಡ. ಇನ್ನಷ್ಟು ಎಣ್ಣೆ, ಇನ್ನೂ ಎರಡು ದಿನ. ಆಗಲೂ ಅಲುಗದಿದ್ದರೆ ಎಂಜಿನನ್ನು ಬಿಚ್ಚದೆ ಗತ್ಯಂತರವಿಲ್ಲ, ಖರ್ಚಿನ ಲೆಕ್ಕವೇ ಬೇರೆಯಾಗುವುದು.

ಅಲುಗಿದರೆ ಉಳಿದುದೆಲ್ಲ ಮನೆಯ ಮಕ್ಕಳೂ ಮಾಡಬಹುದಾದ ಕೆಲಸ. ಹಳೆಯ ಎಣ್ಣೆಯನ್ನು ಇಳಿಸಿ ಹೊಸದನ್ನು ಹಾಕುವುದು. ರೇಡಿಯೇಟರಿನ ನೀರನ್ನು ಬದಲಾಯಿಸುವುದು. ಗಾಳಿಯ ಫಿಲ್ಟರಿನ ಡಬ್ಬಿಯನ್ನು ಬಿಚ್ಚಿ ನೋಡುವುದು. (ನನ್ನ ಗಾಡಿಯ ಡಬ್ಬಿಯಲ್ಲಿ ಇಲಿಯೊಂದು ಹತ್ತನೆಯ ತರಗತಿಯ ಉತ್ತರಪತ್ರಿಕೆಗಳಿಂದ ಗೂಡು ಕಟ್ಟಿಕೊಂಡಿತ್ತು.) ಬಳಿಕ ಕಿಡಿಯ ವಿಚಾರ. ಮೇಸ್ತ್ರಿಗಳು ಡೆಲ್ಕೋ ಎಂದು ಕರೆಯುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನು ತೆಗೆದರೆ ಒಳಗೆ ಎರಡು ಪುಟ್ಟ ಪಾಯಿಂಟುಗಳು ಕಾಣುವುವು. ಬಹುದಿನ ನಿಂತ ಗಾಡಿಯಲ್ಲಿ ಇವು ಕಿಲುಬು ಹಿಡಿದು ಕಿಡಿಯನ್ನು ಕೊಲ್ಲುವುವು. ನುಣ್ಣನೆಯ ಉಜ್ಜುಕಾಗದದಿಂದ ಉಜ್ಜಿ, ಪೂರ್ತಿ ತೆರೆದಾಗ ನಡುವಿನ ಸಂದು ಸುಮಾರು ೦.೪ ಮಿಲಿಮೀಟರು ಇರುವಂತೆ ಫೀಲರ್ ಗೇಜಿನಿಂದ ನೋಡಿ ಬಿಗಿಯಬೇಕು. ಪ್ಲಗ್ಗುಗಳ ತಂತಿಗಳನ್ನು ಒಂದೊಂದಾಗಿ ತೆಗೆದು ಒಂದೊಂದಾಗಿಯೇ ಹಾಕಿರಿ. ನಾಲ್ಕನ್ನೂ ಒಟ್ಟಿಗೆ ಕಿತ್ತು ಕಂಗಾಲಾದವರಿಗೆ ನೆನಪಿರಲಿ, ಕಿಡಿ ಹಾರುವ ಕ್ರಮವು ಒಂದು, ಮೂರು, ನಾಲ್ಕು, ಎರಡು. ಅಮರಕೋಶದ ನೂರಾರು ಶ್ಲೋಕಗಳನ್ನು ಬಾಯಿಪಾಠ ಮಾಡಿದ ನಾನು ಈ ನಾಲ್ಕು ಅಂಕಿಗಳನ್ನು ಮರೆತು ಒಂದು ಪೂರ್ತಿ ಮಧ್ಯಾಹ್ನ ಪರದಾಡಿದ್ದುಂಟು.

ಎಂಜಿನು ಹತ್ತಿಕೊಳ್ಳುವಾಗ ಗಾಡಿಯು ಕೊಟ್ಟಿಗೆಯ ಹೊರಗಿರಬೇಕು. ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನನ್ನು ಓಡಿಸಿದರೆ ಅದರ ಹೊಗೆಯೊಳಗಿನ ವಿಷವಾಯುವು ವಾಸನೆಯಿಲ್ಲದೆ ಮನುಷ್ಯನನ್ನು ಕೊಲ್ಲುವುದು. ಹತ್ತಿಕೊಂಡ ಕೂಡಲೆ ಎಣ್ಣೆಯ ಒತ್ತಡದ ಕೆಂಪು ದೀಪವು ಆರಬೇಕು; ಕೆಲವು ಕ್ಷಣಗಳಲ್ಲಿ ಆರದಿದ್ದರೆ ಒಡನೆಯೇ ನಿಲ್ಲಿಸಿರಿ.

ಟಯರುಗಳು ನೋಡುವುದಕ್ಕೆ ಹೂವು ಚೆನ್ನಾಗಿಯೇ ಇದ್ದರೂ ಮೋಸಹೋಗಬೇಡಿರಿ. ಪಕ್ಕದ ಮೈಮೇಲೆ ನಾಲ್ಕು ಅಂಕಿಗಳ ಗುರುತೊಂದಿರುವುದು. ಮೊದಲ ಎರಡು ತಯಾರಾದ ವಾರವನ್ನೂ ಕಡೆಯ ಎರಡು ವರ್ಷವನ್ನೂ ಸೂಚಿಸುವುವು. ೨೩೧೪ ಎಂದಿದ್ದರೆ ೨೦೧೪ರ ಇಪ್ಪತ್ತಮೂರನೆಯ ವಾರ. ಹತ್ತು ವರ್ಷ ದಾಟಿದುದನ್ನು ನಾನು ರಸ್ತೆಗೆ ಇಳಿಸುವುದಿಲ್ಲ.

ಕಾಗದಪತ್ರಗಳ ಮಾತನ್ನು ಚಿಕ್ಕದಾಗಿ ಮುಗಿಸುವೆನು. ಖಾಸಗಿ ಕಾರಿನ ನೋಂದಣಿಯು ಹದಿನೈದು ವರ್ಷಕ್ಕೆ; ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ತೋರಿಸಿ ನವೀಕರಿಸಿಕೊಳ್ಳಬೇಕು. ತೀರಿಕೊಂಡವರ ಹೆಸರಿನಲ್ಲಿರುವ ಗಾಡಿಯನ್ನು ಮೊದಲು ವಾರಸುದಾರರ ಹೆಸರಿಗೆ ಮಾಡಿಸಬೇಕು. ವಿಮೆಯಿಲ್ಲದೆ ರಸ್ತೆಗಿಳಿಯಕೂಡದು. ಅಕ್ಕತಮ್ಮಂದಿರಲ್ಲಿ ಯಾರ ಹೆಸರಿಗೆ ಎಂಬ ಪ್ರಶ್ನೆಗೆ ಸ್ಪ್ಯಾನರಿನಿಂದ ಉತ್ತರ ದೊರೆಯದು; ಅದನ್ನು ಅವರೇ ಕುಳಿತು ಮಾತಾಡಿಕೊಳ್ಳಬೇಕು.

ತಮ್ಮನ ಮಾತನ್ನು ನಾನು ಪೂರ್ತಿ ತಳ್ಳಿಹಾಕಲಾರೆನು. ಗಾಡಿಯ ತಳವೂ, ಬಾಗಿಲುಗಳ ಕೆಳಗಿನ ಉದ್ದದ ಪೆಟ್ಟಿಗೆಯಂಥ ಭಾಗಗಳೂ ತುಕ್ಕು ತಿಂದು ಸ್ಕ್ರೂಡ್ರೈವರಿನಿಂದ ಒತ್ತಿದರೆ ತೂತು ಬೀಳುವಂತಿದ್ದರೆ, ಆತನು ಹೇಳುವುದೇ ಸರಿಯಿರಬಹುದು. ಪದ್ಮಿನಿಗೆ ಬೇರೆಯಾದ ಚೌಕಟ್ಟಿಲ್ಲ. ಆ ತಗಡೇ ಅದರ ಬೆನ್ನೆಲುಬು. ತಗಡು ಗಟ್ಟಿಯಾಗಿದ್ದರೆ ಗುಜರಿಯವನನ್ನು ಸದ್ಯಕ್ಕೆ ಹಿಂದಕ್ಕೆ ಕಳುಹಿಸಿರಿ.

ಮಗನು ರಜೆಗೆ ಬಂದಾಗ ಬ್ಯಾಟರಿಯನ್ನು ಕೊಳ್ಳುವುದು ಬೇಡ. ಆ ಹಣದಲ್ಲಿ ಬ್ರೇಕಿನ ಕಿಟ್ಟುಗಳು ಬರಲಿ. ಮೊದಲನೆಯ ದಿನ ಆತನು ಮೈಮೇಲೆ ಹಳೆಯ ಬಟ್ಟೆ ಹಾಕಿಕೊಂಡು, ಸ್ಕ್ರೂಡ್ರೈವರನ್ನು ಹಿಡಿದು ತಳವನ್ನು ಒತ್ತಿ ನೋಡಲಿ. ಸಂಜೆಗೆ ಪ್ಲಗ್ಗುಗಳನ್ನು ಬಿಚ್ಚಿ ಎಣ್ಣೆ ಬಿಡಲಿ. ಮರುದಿನ ಗಾಲಿಗಳಿಗೆ ಗಾಳಿ ತುಂಬಿಸಿ, ಸಮನಾದ ಅಂಗಳದಲ್ಲಿ ಮಾತ್ರ, ನಾಲ್ಕನೆಯ ಗೇರಿನಲ್ಲಿ ಇಬ್ಬರು ತಳ್ಳಲಿ. ತಮ್ಮನನ್ನೂ ತಳ್ಳಲು ಕರೆಯಿರಿ. ಎಂಜಿನು ಅಲುಗಿತೋ ಇಲ್ಲವೋ, ತಗಡು ಗಟ್ಟಿಯೋ ಟೊಳ್ಳೋ ಎಂಬ ಎರಡು ಸಂಗತಿಗಳನ್ನು ಒಂದು ಕಾರ್ಡಿನಲ್ಲಿ ಬರೆದು ತಿಳಿಸಿದರೆ, ಮುಂದಕ್ಕೆ ಹೇಳತಕ್ಕುದನ್ನು ಬರುವ ತಿಂಗಳು ಬರೆಯುವೆನು.